ಸಂಚಕಾರ: ಮದುವೆಯ ಮುಂಗಡ ಚೀಟಿಯಲ್ಲಿ ಕಾಣೆಯಾದ ಅರ್ಧ ಸಾಲು

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತಿನ ಸಂಚಿಕೆ ಮದುವೆಯ ಬಗ್ಗೆ. ಆದ್ರೆ ಹುಡುಗ-ಹುಡುಗಿ, ಜಾತಕ, ಊಟದ ಮೆನು ಯಾವುದೂ ಇಲ್ಲ. ಇದು ಒಂದು ಚೀಟಿಯ ಕಥೆ. ಭಟ್ಕಳ ತಾಲೂಕಿನ ಬೆಳಕೆ ಇರಲಿ, ಹೊನ್ನಾವರ ಇರಲಿ, ಕುಮಟಾ ಇರಲಿ, ಮದುವೆ ಹಾಲ್‌ ಬುಕ್ ಮಾಡಿದ ಮೇಲೆ ನಿಮ್ಮ ಕೈಗೆ ಒಂದು ರಸೀದಿ ಬರುತ್ತೆ. ತಾರೀಖು, ಹೆಸರು, ಕೊಟ್ಟ ಮೊತ್ತ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ಯಾವುದೇ ಕಾರಣಕ್ಕೂ ಮುಂಗಡ ಹಣ ವಾಪಸ್ ಕೊಡಲಾಗುವುದಿಲ್ಲ.'

ಹಾಲ್‌ನವರದ್ದು ಮಾತ್ರ ಅಲ್ಲ. ಶಾಮಿಯಾನ, ಅಡುಗೆ, ಫೋಟೋ, ಡೆಕೋರೇಷನ್, ವಾದ್ಯ, ಎಲ್ಲರ ಚೀಟಿಯಲ್ಲೂ ಈ ಸಾಲು ಇರಬಹುದು. ನಾವು ಓದ್ತೇವೆ, ತಲೆ ಆಡಿಸ್ತೇವೆ, ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕ್ತೇವೆ. ಆದ್ರೆ ಈ ಸಾಲು ಎಲ್ಲಿಂದ ಬಂತು? ಇದು ಪೂರ್ತಿ ನಿಯಮವಾ, ಅಥವಾ ಅರ್ಧ ನಿಯಮವಾ? ಇವತ್ತು ಅದನ್ನೇ ಹುಡುಕಿಕೊಂಡು ಒಂಬೈನೂರು ವರ್ಷ ಹಿಂದಕ್ಕೆ ಹೋಗೋಣ.

ಕಾಗದ ಬೇಡವಾಗಿದ್ದ ಕಾಲ

ಮೊದಲು ಊರಿನ ಹಳೇ ಮದುವೆ. ಅಂಗಳದಲ್ಲಿ ಅಡಿಕೆ ಮರದ ಕಂಬ, ಮೇಲೆ ತೆಂಗಿನ ಮಡಲಿನ ಚಪ್ಪರ. ಹಿಂದಿನ ದಿನ ರಾತ್ರಿ ಅಕ್ಕಪಕ್ಕದವರೆಲ್ಲ ಸೇರಿ ತರಕಾರಿ ಹೆಚ್ಚೋದು, ತೆಂಗಿನಕಾಯಿ ತುರಿಯೋದು. ಪಾತ್ರೆ ಒಬ್ಬರ ಮನೆಯಿಂದ, ಚಾಪೆ ಇನ್ನೊಬ್ಬರ ಮನೆಯಿಂದ. ಇದಕ್ಕೆ ಹಣ ಇಲ್ಲ, ಚೀಟಿ ಇಲ್ಲ. ಇದ್ದದ್ದು ಮುಯ್ಯಿ. ಇವತ್ತು ನೀವು ನಮ್ಮ ಮನೆಗೆ ಬಂದ್ರಿ, ನಾಳೆ ನಿಮ್ಮ ಮನೆ ಕೆಲಸಕ್ಕೆ ನಾವು ಬರ್ತೇವೆ.

ಇದನ್ನು ಬರೀ ಒಳ್ಳೆಯತನ ಅಂದುಕೊಂಡ್ರೆ ತಪ್ಪಾಗುತ್ತೆ. ಮುಯ್ಯಿ ಕೂಡ ಒಂದು ಒಪ್ಪಂದವೇ. ಅದನ್ನು ಕಾಯುತ್ತಿದ್ದದ್ದು ಕೋರ್ಟ್ ಅಲ್ಲ, ಮುಂದಿನ ಮದುವೆ. ಕರೆದಾಗ ಬಾರದವನ ಮನೆಗೆ ನಾಳೆ ಯಾರೂ ಹೋಗೋದಿಲ್ಲ. ಆ ಭಯ ಒಂದೇ ಸಾಕಿತ್ತು.

ಈಗ ಆ ಕೊಂಡಿ ಸಡಿಲಾಗಿದೆ. ಮಗ ಬೆಂಗಳೂರಲ್ಲಿ, ಮಗಳು ಮುಂಬೈಯಲ್ಲಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ದುಡಿಯುವವರು ದುಬೈಯಲ್ಲಿ. ಹಾಲ್ ನೋಡುವುದು ವಿಡಿಯೋ ಕಾಲ್‌ನಲ್ಲಿ, ಹಣ ಕಳಿಸುವುದು ಫೋನ್‌ನಲ್ಲಿ. ಹೂವಿನ ಅಲಂಕಾರದವರ ಮನೆ ಎಲ್ಲಿ ಅಂತಾನೂ ಗೊತ್ತಿರಲ್ಲ. ಅವರ ಮನೆ ಮದುವೆಗೆ ನೀವು ಹೋಗುವುದಿಲ್ಲ, ನಿಮ್ಮ ಮನೆಯ ಮುಂದಿನ ಮದುವೆಗೆ ಅವರೇ ಬರಬೇಕು ಅಂತಲೂ ಇಲ್ಲ. ಮುಯ್ಯಿ ಮಾಡ್ತಿದ್ದ ಕೆಲಸವನ್ನು ಈಗ ಕಾಗದ ಮಾಡಬೇಕು. ಅದಕ್ಕೇ ಆ ಕಾಗದದಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಅನ್ನೋದು ಮುಖ್ಯ.

ಒಂದು ಪದದ ಪ್ರಯಾಣ

'ಜೀವಕ್ಕೆ ಸಂಚಕಾರ' ಅಂತ ನೀವು ಸುದ್ದಿಯಲ್ಲಿ ಓದಿರ್ತೀರಿ. ಸಂಚಕಾರ ಅಂದ್ರೆ ಇವತ್ತು ನಮಗೆ ಅಪಾಯ. ಆದ್ರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ತೆಗೆದು ನೋಡಿ. ಅಲ್ಲಿ ಸಂಚಕಾರ ಅಂದ್ರೆ ವ್ಯವಹಾರ ಕುದುರಿಸುವಾಗ ಕೊಡುವ ಮುಂಗಡ! ಯಮ ಬಂದು ಮುಂಗಡ ಕೊಟ್ಟು ಬುಕ್ ಮಾಡಿ ಹೋದ ಹಾಗೆ ಅಂತ ಬೇಕಾದ್ರೆ ನಗಬಹುದು.

ಈ ಪದದ ಮೂಲ ಸಂಸ್ಕೃತದ ಸತ್ಯಂಕಾರ. ಅಂದ್ರೆ ಮಾತನ್ನು ಸತ್ಯ ಮಾಡುವುದು. ಬರೀ ಬಾಯಲ್ಲಿ 'ಆಯ್ತು' ಅಂದ್ರೆ ಸಾಲದು, ಕೈಯಲ್ಲಿ ಏನಾದ್ರೂ ಇಡಬೇಕು. ಆಗ ಮಾತು ಗಟ್ಟಿ.

ಈಗ ನಮ್ಮ ಕರಾವಳಿಯಿಂದ ಘಟ್ಟ ಹತ್ತಿ, ಉತ್ತರಕ್ಕೆ ಹೋಗೋಣ. ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ, ಆಗಿನ ಕಲ್ಯಾಣ. ಅಲ್ಲಿ 1076ರಿಂದ 1126ರವರೆಗೆ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಳ್ವಿಕೆ. ಅವನ ಕಾಲದಲ್ಲಿ ವಿಜ್ಞಾನೇಶ್ವರ ಅನ್ನುವ ಪಂಡಿತ 'ಮಿತಾಕ್ಷರ' ಬರೆದ. ಆಸ್ತಿ ಪಾಲಿನ ಕೇಸುಗಳಲ್ಲಿ ವಕೀಲರ ಬಾಯಲ್ಲಿ ಈ ಹೆಸರು ಕೇಳಿರಬಹುದು. ಇಂದಿಗೂ ಅದು ಪ್ರಸಿದ್ಧವಾಗಿರುವುದು ಪಿತ್ರಾರ್ಜಿತ ಆಸ್ತಿಗಾಗಿ. ಆದ್ರೆ ಅದು ಬರೀ ಆಸ್ತಿಯ ಪುಸ್ತಕ ಅಲ್ಲ. ಅದಕ್ಕಿಂತ ಹಲವು ಶತಮಾನ ಹಳೆಯ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಸಾಲ, ಅಡವು, ಮಾರಾಟ, ಕೂಲಿ ಎಲ್ಲವೂ ಅದರಲ್ಲಿದೆ.

ಸತ್ಯಂಕಾರದ ಬಗ್ಗೆ ವಿಜ್ಞಾನೇಶ್ವರ ಕೊಡುವ ಉದಾಹರಣೆ ಏನು ಗೊತ್ತಾ? ಉಂಗುರ. ಕೊಳ್ಳುವ-ಮಾರುವ ಮಾತು ಮುರಿಯದಿರಲಿ ಅಂತ ಒಬ್ಬ ತನ್ನ ಬೆರಳಿನ ಉಂಗುರವನ್ನು ಇನ್ನೊಬ್ಬನ ಕೈಯಲ್ಲಿ ಇಡ್ತಾನೆ. ಮಾತು ಮುರಿದ್ರೆ? ಅವನು ಎರಡು ಭಾಗ ಮಾಡಿ ಹೇಳ್ತಾನೆ. ಉಂಗುರ ಕೊಟ್ಟವನೇ ಹಿಂದೆ ಸರಿದ್ರೆ ಉಂಗುರ ಹೋಯ್ತು. ಆದ್ರೆ ಉಂಗುರ ಇಸಿದುಕೊಂಡವನು ಹಿಂದೆ ಸರಿದ್ರೆ? ಅವನು ಎರಡು ಪಟ್ಟು ವಾಪಸ್ ಕೊಡಬೇಕು.

ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಕೈಯಲ್ಲಿರುವ ಚೀಟಿಯನ್ನು ಈ ಮಾತಿನ ಪಕ್ಕ ಇಡಿ. 'ಮುಂಗಡ ವಾಪಸ್ ಇಲ್ಲ.' ಇದು ವಿಜ್ಞಾನೇಶ್ವರ ಹೇಳಿದ ಮೊದಲನೇ ಅರ್ಧ. ಎರಡನೇ ಅರ್ಧ ಎಲ್ಲಿ? ಮದುವೆಗೆ ಎರಡು ವಾರ ಇರುವಾಗ ಹಾಲ್‌ನವರು 'ಕ್ಷಮಿಸಿ, ಡಬಲ್ ಬುಕಿಂಗ್ ಆಗಿದೆ' ಅಂದ್ರೆ ಏನು ಕೊಡ್ತಾರೆ? ಫೋಟೋಗ್ರಾಫರ್ ಬೇರೆ ಕಡೆ ಹೆಚ್ಚು ಹಣ ಸಿಕ್ತು ಅಂತ ಹೋದ್ರೆ? ಚೀಟಿ ಆ ಬಗ್ಗೆ ಮೌನ.

ಬಂದರಿನಾಚೆಯ ಲೋಕ

ಇದು ನಮ್ಮಲ್ಲಿ ಮಾತ್ರ ಹುಟ್ಟಿದ ಯೋಚನೆ ಅಲ್ಲ. ಕ್ರಿ.ಶ. 533ರಲ್ಲಿ ಹೊರಬಂದ ರೋಮನ್ ಚಕ್ರವರ್ತಿ ಜಸ್ಟಿನಿಯನ್‌ನ ಕಾನೂನು ಪಠ್ಯದಲ್ಲೂ ಇದೇ ಇದೆ. ಮುಂಗಡವನ್ನು ಅವರು 'ಅರ್ರ' ಅಂತಿದ್ರು. ಕೊಳ್ಳುವವನು ತಪ್ಪಿದ್ರೆ ಅರ್ರ ಹೋಯ್ತು, ಮಾರುವವನು ತಪ್ಪಿದ್ರೆ ದುಪ್ಪಟ್ಟು. 1804ರ ಫ್ರೆಂಚ್ ನಾಗರಿಕ ಸಂಹಿತೆಯೂ ಅದನ್ನೇ ಉಳಿಸಿಕೊಂಡಿತು.

ಆ 'ಅರ್ರ' ಪದ ಗ್ರೀಕ್ ಮೂಲಕ ಪಶ್ಚಿಮ ಏಷ್ಯಾದ ವ್ಯಾಪಾರಿಗಳ ಭಾಷೆಯಿಂದ ಬಂದದ್ದು. ಅರಬ್ಬಿಯಲ್ಲಿ ಅದರ ಸೋದರ ಪದ 'ಉರ್ಬೂನ್'. ಇಸ್ಲಾಮಿಕ್ ನ್ಯಾಯಶಾಸ್ತ್ರದಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆಯೇ ನಡೆದಿದೆ. ಕೊಳ್ಳುವವನು ಬೇಡ ಅಂದ ಮಾತ್ರಕ್ಕೆ ಮಾರುವವನು ಉರ್ಬೂನ್ ಇಟ್ಟುಕೊಳ್ಳಬಹುದಾ? ಹಂಬಲಿ ಪಂಥ ಹೌದು ಅಂತು. ಶಾಫಿ ಸೇರಿ ಉಳಿದ ಪ್ರಮುಖ ಪಂಥಗಳು ಒಪ್ಪಲಿಲ್ಲ. ಅವರ ವಾದ ಸರಳ: ಬದಲಿಗೆ ಏನೂ ಕೊಡದೆ ಇನ್ನೊಬ್ಬನ ಹಣ ತಿನ್ನುವುದು ಹೇಗೆ ಸರಿ? ಭಟ್ಕಳದ ನವಾಯತರು ಶಾಫಿ ಪಂಥದವರು. ಅಂದ್ರೆ ಇವತ್ತು ಭಟ್ಕಳದ ಪೇಟೆಯಲ್ಲಿ ಕೇಳಬಹುದಾದ ಈ ಪ್ರಶ್ನೆಯನ್ನು ಸಾವಿರ ವರ್ಷ ಹಿಂದೆಯೇ ಪಂಡಿತರು ಕೂತು ಕೂಲಂಕಷವಾಗಿ ಚರ್ಚಿಸಿದ್ದಾರೆ.

1872: ಒಂದೇ ಕಾಯ್ದೆ

ಈಗ ಬ್ರಿಟಿಷರ ಕಾಲಕ್ಕೆ ಬರೋಣ. 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಕೆನರಾ ಕಂಪನಿಯ ಕೈಗೆ ಬಂತು, ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತು. 1862ರಲ್ಲಿ ಉತ್ತರ ಕನ್ನಡವನ್ನು ಬೇರ್ಪಡಿಸಿ ಬಾಂಬೆ ಪ್ರೆಸಿಡೆನ್ಸಿಗೆ ಸೇರಿಸಿದ್ರು. ಅದು ಅಮೆರಿಕದ ಅಂತರ್ಯುದ್ಧದ ಕಾಲ. ಅಲ್ಲಿಂದ ಹತ್ತಿ ಬರುವುದು ನಿಂತಿತ್ತು. ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತಿತು. 'ಕುಮಟಾ ಹತ್ತಿ' ಅನ್ನುವುದೇ ಮಾರುಕಟ್ಟೆಯಲ್ಲಿ ಒಂದು ತಳಿಯ ಹೆಸರಾಯ್ತು. ನೋಡದ ಊರಿನ, ನೋಡದ ವ್ಯಾಪಾರಿಯ ಜೊತೆ ವ್ಯವಹಾರ. ಊರಿನ ಮುಯ್ಯಿ ಅಲ್ಲಿ ಕೆಲಸ ಮಾಡಲ್ಲ.

ಅಲ್ಲಿಯವರೆಗೆ ಒಪ್ಪಂದಗಳಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಇರಲಿಲ್ಲ. ಧರ್ಮಶಾಸ್ತ್ರ, ಇಸ್ಲಾಮಿಕ್ ಕಾನೂನು, ಇಂಗ್ಲಿಷ್ ಕಾನೂನು, ಊರ ರೂಢಿ ಎಲ್ಲ ಕಲಸುಮೇಲೋಗರ. 1872ರ ಸೆಪ್ಟೆಂಬರ್ 1ರಂದು ಭಾರತೀಯ ಒಪ್ಪಂದ ಕಾಯ್ದೆ ಜಾರಿಗೆ ಬಂತು. ಇವತ್ತಿಗೂ ನಿಮ್ಮ ಹಾಲ್ ಬುಕಿಂಗ್‌ಗೆ ಅನ್ವಯ ಆಗುವುದು ಅದೇ ಕಾಯ್ದೆ.

ಅದು ಉಂಗುರದ ನಿಯಮವನ್ನು ಹಾಗೇ ಇಟ್ಟುಕೊಳ್ಳಲಿಲ್ಲ. ದುಪ್ಪಟ್ಟು ಕೊಡು ಅನ್ನಲಿಲ್ಲ, ಪೂರ್ತಿ ನುಂಗು ಅಂತಲೂ ಅನ್ನಲಿಲ್ಲ. ಕಲಂ 73 ಹೇಳುವುದು: ಮಾತು ಮುರಿದವನು ಅದರಿಂದ ಆದ ನಷ್ಟ ಕಟ್ಟಿಕೊಡಬೇಕು. ಕಲಂ 74 ಹೇಳುವುದು: ಮಾತು ಮುರಿದ್ರೆ ಇಷ್ಟು ಹಣ ಅಂತ ಮೊದಲೇ ಬರೆದಿದ್ರೂ, ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಗರಿಷ್ಠ ಮಿತಿ. ಈ ಎರಡೂ ಕಲಂ ಎರಡೂ ಕಡೆಯವರಿಗೆ ಅನ್ವಯ. ಚೀಟಿ ಅಚ್ಚು ಹಾಕಿಸಿದವರಿಗೆ ಬೇರೆ, ಸಹಿ ಹಾಕಿದವರಿಗೆ ಬೇರೆ ಅಂತ ಇಲ್ಲ.

ಯಾರ ತಪ್ಪೂ ಇಲ್ಲದಿದ್ರೆ?

ಇದು ಉಂಗುರದ ನಿಯಮದಲ್ಲಿ ಇಲ್ಲದ ಪ್ರಶ್ನೆ. ಇದಕ್ಕೆ ಲಂಡನ್ನಿನಲ್ಲಿ ಒಂದು ಮಜಾ ಇರುವ ಕಥೆ ಇದೆ. ಅದೂ ಹಾಲ್ ಬಾಡಿಗೆ ಕಥೆಯಿಂದಲೇ ಶುರು. ನಾಲ್ಕು ದಿನದ ಸಂಗೀತ ಕಾರ್ಯಕ್ರಮಕ್ಕೆ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ರು. ಕಾರ್ಯಕ್ರಮಕ್ಕೆ ಮುಂಚೆಯೇ, 1861ರಲ್ಲಿ, ಹಾಲ್ ಸುಟ್ಟುಹೋಯ್ತು. 1863ರಲ್ಲಿ ಕೋರ್ಟ್ ಹೇಳಿತು: ಯಾರ ತಪ್ಪೂ ಇಲ್ಲ, ಇಬ್ಬರೂ ಒಪ್ಪಂದದಿಂದ ಬಿಡುಗಡೆ.

ನಂತರ 1902ರ ಜೂನ್. ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕ. ಮೆರವಣಿಗೆ ನೋಡಲು ದಾರಿಯ ಪಕ್ಕದ ಕೋಣೆಗಳನ್ನು ಜನ ದುಬಾರಿ ಬಾಡಿಗೆಗೆ ಹಿಡಿದ್ರು. ಅಷ್ಟರಲ್ಲಿ ದೊರೆಗೆ ಅಪೆಂಡಿಸೈಟಿಸ್! ಮೆರವಣಿಗೆ ಮುಂದಕ್ಕೆ ಹೋಯ್ತು. ಒಬ್ಬ ಬಾಡಿಗೆದಾರ 141 ಪೌಂಡ್ ಚಿಲ್ಲರೆಗೆ ಒಪ್ಪಿ 100 ಪೌಂಡ್ ಮೊದಲೇ ಕೊಟ್ಟಿದ್ದ. ಅವನು ಹಣ ವಾಪಸ್ ಕೇಳಿದ. 1904ರಲ್ಲಿ ಕೋರ್ಟ್ ಏನಂತು ಗೊತ್ತಾ? ಕೊಟ್ಟ 100 ಹೋಯ್ತು, ಬಾಕಿಯೂ ಮೊದಲೇ ಕೊಡಬೇಕಿತ್ತಲ್ಲ, ಅದನ್ನೂ ಕೊಡು! ಕಳೆದುಕೊಂಡದ್ದು ಯಾರ ಕೈಯಲ್ಲಿ ಇದೆಯೋ ಅವರಿಗೇ ಅನ್ನುವ ಈ ನಿಯಮವನ್ನು ಇಂಗ್ಲೆಂಡ್ ಬಿಟ್ಟದ್ದು 1942ರಲ್ಲಿ.

ಆದ್ರೆ ನಮ್ಮ 1872ರ ಕಾಯ್ದೆ ಈ ವಿಷಯದಲ್ಲಿ ಲಂಡನ್‌ಗಿಂತ ಮುಂದಿತ್ತು. ಕಲಂ 56: ಒಪ್ಪಂದ ಆದ ಮೇಲೆ ಅದನ್ನು ನಡೆಸುವುದು ಅಸಾಧ್ಯ ಅಥವಾ ಕಾನೂನುಬಾಹಿರ ಆದ್ರೆ ಒಪ್ಪಂದ ಅಲ್ಲಿಗೇ ರದ್ದು. ಕಲಂ 65: ಹಾಗೆ ರದ್ದಾದ ಒಪ್ಪಂದದಿಂದ ಯಾರು ಲಾಭ ಪಡೆದಿದ್ದಾರೋ ಅವರು ಅದನ್ನು ವಾಪಸ್ ಕೊಡಬೇಕು, ಇಲ್ಲವೇ ಅದಕ್ಕೆ ಪರಿಹಾರ ಕೊಡಬೇಕು. 1954ರಲ್ಲಿ ಸತ್ಯಬ್ರತ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಸೇರಿಸಿತು: 'ಅಸಾಧ್ಯ' ಅಂದ್ರೆ ಅಕ್ಷರಶಃ ಆಗದೇ ಇರುವುದು ಅಂತ ಮಾತ್ರ ಅಲ್ಲ. ಒಪ್ಪಂದದ ಬುಡವೇ ಕುಸಿದು ಉದ್ದೇಶ ಮಣ್ಣುಪಾಲಾದ್ರೂ ಸಾಕು.

ಇದೆಲ್ಲ ಪುಸ್ತಕದ ಮಾತು ಅಂತ ಅನ್ನಿಸುತ್ತಿತ್ತು, 2020ರ ಮಾರ್ಚ್ 25ರವರೆಗೆ. ಅವತ್ತು ಲಾಕ್‌ಡೌನ್ ಶುರು. ನಮ್ಮ ಕರಾವಳಿಯಲ್ಲಿ ಮಳೆ ಹಿಡಿಯುವ ಮುಂಚಿನ ಏಪ್ರಿಲ್, ಮೇ ಅಂದ್ರೆ ಮದುವೆಯ ಸುಗ್ಗಿ. ಮೇ ತಿಂಗಳಲ್ಲಿ ಮದುವೆಗೆ ಅನುಮತಿ ಸಿಕ್ಕಿತು, ಆದ್ರೆ 50 ಜನಕ್ಕೆ. 800 ಜನರ ಹಾಲ್ ಹಿಡಿದವರು ಏನು ಮಾಡಬೇಕು?

ನ್ಯಾಯವಾಗಿ ನೋಡಿದ್ರೆ ಎರಡೂ ಕಡೆ ಕಣ್ಣೀರಿತ್ತು. ಮನೆಯವರ ಮುಂಗಡ ಸಿಕ್ಕಿಹಾಕಿಕೊಂಡಿತ್ತು. ಆ ಕಡೆ ಶಾಮಿಯಾನದವರು ಅದೇ ಮುಂಗಡದಲ್ಲಿ ಬಟ್ಟೆ ತಂದಿದ್ರೆ? ಅಡುಗೆಯವರು ಆಳುಗಳಿಗೆ ಕೊಟ್ಟಿದ್ರೆ? ವಾದ್ಯದವರಿಗೆ ವರ್ಷದಲ್ಲಿ ಮುಹೂರ್ತದ ದಿನಗಳೇ ಕಡಿಮೆ, ಅದರಲ್ಲಿ ಒಂದು ಸೀಸನ್ ಪೂರ್ತಿ ಹೋಯ್ತು. ಇಂಥ ಹೊತ್ತಲ್ಲಿ 'ಯಾವುದೇ ಕಾರಣಕ್ಕೂ ವಾಪಸ್ ಇಲ್ಲ' ಅನ್ನುವ ಸಾಲು ಜಗಳ ನಿಲ್ಲಿಸಲ್ಲ. ತಾರೀಖು ಮುಂದೆ ಹಾಕಿದ್ರೆ ಮುಂಗಡ ಹೊಸ ತಾರೀಖಿಗೆ ಸೇರುತ್ತೆ ಅಂತ ಒಂದು ಸಾಲು ಬರೆದಿದ್ರೆ ಎಷ್ಟೋ ಮನಸ್ತಾಪ ಉಳಿಯುತ್ತಿತ್ತು.

ಆಲೂಗಡ್ಡೆಯ ತೀರ್ಪು

ಈಗ ನೇರ ಪ್ರಶ್ನೆ. ನಾವೇ ಮದುವೆ ರದ್ದು ಮಾಡಿದ್ರೆ ಮುಂಗಡ ಪೂರ್ತಿ ಹೋಗುತ್ತಾ?

ಇದಕ್ಕೆ ಉತ್ತರ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನಿನ ಒಂದು ಕೇಸಿನಲ್ಲಿದೆ. ಮೌಲಾ ಬಕ್ಸ್ ಅನ್ನುವ ಗುತ್ತಿಗೆದಾರ 1947ರಲ್ಲಿ ಇಂದಿನ ಉತ್ತರ ಪ್ರದೇಶದಲ್ಲಿ ಸೇನೆಗೆ ಇವನ್ನು ಪೂರೈಸುವ ಎರಡು ಗುತ್ತಿಗೆ ಹಿಡಿದಿದ್ದ. ಠೇವಣಿ 10,000 ಮತ್ತು 8,500 ರೂಪಾಯಿ. ಪೂರೈಕೆ ಸರಿಯಾಗಿ ಆಗಲಿಲ್ಲ, ಸರ್ಕಾರ ಗುತ್ತಿಗೆ ರದ್ದು ಮಾಡಿ ಠೇವಣಿ ಪೂರ್ತಿ ಮುಟ್ಟುಗೋಲು ಹಾಕಿತು. 1969ರಲ್ಲಿ ಸುಪ್ರೀಂ ಕೋರ್ಟ್ ಕೇಳಿದ್ದು ಒಂದೇ: ನಿಮಗೆ ಆದ ನಷ್ಟ ಎಷ್ಟು? ಆಲೂಗಡ್ಡೆ ಪೇಟೆಯಲ್ಲಿ ಸಿಗುವ ಮಾಲು. ಬೇರೆ ಕಡೆ ಎಷ್ಟಕ್ಕೆ ಕೊಂಡಿರಿ ಅಂತ ಲೆಕ್ಕ ತೋರಿಸಬಹುದಿತ್ತು. ತೋರಿಸಲಿಲ್ಲ. ಹಾಗಾಗಿ ಠೇವಣಿ ಇಟ್ಟುಕೊಳ್ಳುವ ಹಕ್ಕಿಲ್ಲ.

ಆದ್ರೆ ಅದೇ ತೀರ್ಪು ನಮ್ಮ ಹಳೇ ಸಂಚಕಾರವನ್ನು ಪಕ್ಕಕ್ಕಿಟ್ಟು ನೋಡಿತು. ಮಾತು ಗಟ್ಟಿ ಮಾಡಲು ಕೊಟ್ಟ ಸಣ್ಣ, ನ್ಯಾಯವಾದ ಮೊತ್ತ ಬೇರೆ. ಅದು ಹೋದ್ರೆ ದಂಡ ಅನ್ನಲಾಗದು. 2012ರಲ್ಲಿ ಸತೀಶ್ ಬಾತ್ರಾ ಪ್ರಕರಣದಲ್ಲಿ ಕೋರ್ಟ್ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು: ಸಂಚಕಾರ ಬೇರೆ, ಒಟ್ಟು ಬೆಲೆಯ ಭಾಗವಾಗಿ ಕೊಟ್ಟ ಮುಂಗಡ ಬೇರೆ. ಸಂಚಕಾರ ಅಂತ ಒಪ್ಪಂದದಲ್ಲಿ ಸ್ಪಷ್ಟ ಇದ್ರೆ ಮಾತ್ರ ಮುಟ್ಟುಗೋಲು. 2015ರ ಕೈಲಾಶ್ ನಾಥ್ ತೀರ್ಪು ಮತ್ತೆ ನೆನಪಿಸಿತು: ನಷ್ಟವೇ ಆಗದಿದ್ರೆ ಪರಿಹಾರದ ಪ್ರಶ್ನೆಯೇ ಇಲ್ಲ, ಲೆಕ್ಕ ಹಾಕಲು ಆಗುವ ನಷ್ಟವನ್ನು ಲೆಕ್ಕ ಹಾಕಿಯೇ ತೋರಿಸಬೇಕು.

ಇದನ್ನು ಊರಿನ ಲೆಕ್ಕಕ್ಕೆ ತರೋಣ. ಬೆಳಕೆಯ ಒಂದು ಮನೆ ಅಂದುಕೊಳ್ಳಿ. ಹಾಲ್ ಬಾಡಿಗೆ 1 ಲಕ್ಷ, 60,000 ಮುಂಗಡ. ಐದು ತಿಂಗಳ ಮೊದಲೇ ಮದುವೆ ಮುರಿಯಿತು, ಕೂಡಲೇ ತಿಳಿಸಿದ್ರು. ಅದೇ ದಿನಕ್ಕೆ ಹಾಲ್ ಬೇರೆಯವರಿಗೆ ಹೋಯ್ತು. ಹಾಲ್‌ನವರ ನಷ್ಟ ಎಷ್ಟು? ಅರವತ್ತು ಸಾವಿರ ಪೂರ್ತಿ ಇಟ್ಟುಕೊಳ್ಳುವುದು ಕಷ್ಟದ ವಾದ. ಅದೇ ಮದುವೆಗೆ ಮೂರು ದಿನ ಇರುವಾಗ ರದ್ದು ಮಾಡಿದ್ರೆ? ಆಗ ನಷ್ಟ ನಿಜ, ಅದನ್ನು ನೀವು ತುಂಬಿಕೊಡುವುದೇ ಧರ್ಮ.

ಚೀಟಿಯನ್ನು ಓದೋದು ಹೇಗೆ?

ಇಷ್ಟು ಇತಿಹಾಸ ಕೈಯಲ್ಲಿ ಹಿಡಿದು ಚೀಟಿ ನೋಡಿ. ಮೂರು ಪ್ರಶ್ನೆ ಸಾಕು.

ಒಂದು, ನಾವು ತಪ್ಪಿದ್ರೆ ಏನು? ಎಷ್ಟು ದಿನ ಮೊದಲು ಹೇಳಿದ್ರೆ ಎಷ್ಟು ವಾಪಸ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಬರೆಸಿ. ಕೊಡುವ ಹಣದಲ್ಲಿ ಸಂಚಕಾರ ಎಷ್ಟು, ಬೆಲೆಯ ಮುಂಗಡ ಎಷ್ಟು, ಎರಡನ್ನೂ ಬೇರೆ ಬೇರೆ ಬರೆಸಿ.

ಎರಡು, ಅವರು ತಪ್ಪಿದ್ರೆ ಏನು? ಇದೇ ಆ ಕಾಣೆಯಾದ ಅರ್ಧ ಸಾಲು. ಮುಂಗಡ ಪೂರ್ತಿ ವಾಪಸ್, ಜೊತೆಗೆ ಇಷ್ಟು ಪರಿಹಾರ ಅಂತ ಒಂದು ಮೊತ್ತ ಬರೆಸಿ. ಕೋರ್ಟಿನಲ್ಲಿ ಅದು ಗರಿಷ್ಠ ಮಿತಿ ಆಗುತ್ತೆ, ಆದ್ರೆ ಬರೆದ ಮೊತ್ತಕ್ಕೆ ಒಂದು ತೂಕ ಇರುತ್ತೆ.

ಮೂರು, ಯಾರೂ ತಪ್ಪದಿದ್ರೆ ಏನು? ಸಾವು, ನೆರೆ, ಸರ್ಕಾರಿ ಆದೇಶ. ತಾರೀಖು ಬದಲಾವಣೆಗೆ ಅವಕಾಶ ಇದೆಯಾ?

ಉಳಿದದ್ದು ವಿವರ. ಊಟ ಒಂದು ಎಲೆಗೆ ಇಷ್ಟು ಅಂತ ಇದ್ರೆ, ಕನಿಷ್ಠ ಎಷ್ಟು ಎಲೆಯ ಹಣ ಕೊಡಲೇಬೇಕು, ಎಲೆ ಎಣಿಸುವವರು ಯಾರು? ಹಾಲ್‌ನ ಬೀಗ ಯಾವಾಗ ಕೊಡ್ತಾರೆ, ಜನರೇಟರ್ ಡೀಸೆಲ್, ಕ್ಲೀನಿಂಗ್ ಬಾಡಿಗೆಯಲ್ಲಿ ಸೇರಿದೆಯಾ? ಕ್ಯಾಮೆರಾ ಹಿಡಿಯುವವರು ಅವರೇನಾ, ಬೇರೆ ಹುಡುಗರನ್ನು ಕಳಿಸ್ತಾರಾ, ಆಲ್ಬಂ ಯಾವ ತಿಂಗಳು?

ಕೇಳೋಕೆ ಮುಜುಗರ ಆಗುತ್ತೆ ಅಂತ ಗೊತ್ತು. 'ಭಟ್ರೇ, ಇದನ್ನೊಂದು ಬರೆದು ಕೊಡ್ತೀರಾ?' ಅಂದ್ರೆ ಅವರ ಮೇಲೆ ನಂಬಿಕೆ ಇಲ್ಲ ಅಂತ ಆಗುತ್ತಾ? ಇಲ್ಲ. 'ನಾವು ತಪ್ಪಿದ್ರೆ ಇಷ್ಟು, ನೀವು ತಪ್ಪಿದ್ರೆ ಇಷ್ಟು' ಅಂತ ಎರಡನ್ನೂ ಒಟ್ಟಿಗೆ ಹೇಳಿ. ನಿಮ್ಮ ಭಾಗದ ಹೊಣೆ ಮೊದಲು ಒಪ್ಪಿಕೊಂಡವರಿಗೆ ಬೇರೆಯವರ ಹೊಣೆ ಕೇಳುವ ಮುಖ ಇರುತ್ತೆ.

ಸ್ಟ್ಯಾಂಪ್ ಪೇಪರ್ ಇಲ್ಲ ಅಂತ ಹೆದರಬೇಡಿ. ಬಾಯಿ ಮಾತಿನ ಒಪ್ಪಂದವೂ ಒಪ್ಪಂದವೇ, ಸಾಬೀತು ಮಾಡುವುದು ಮಾತ್ರ ಕಷ್ಟ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 10ಎ ಪ್ರಕಾರ ಎಲೆಕ್ಟ್ರಾನಿಕ್ ರೂಪದಲ್ಲಿ ಆಯ್ತು ಅನ್ನುವ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗಲ್ಲ. ಫೋನ್‌ನಲ್ಲಿ ಮಾತಾಡಿದ ಮೇಲೆ ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, 'ಸರಿ' ಅಂತ ಉತ್ತರ ತರಿಸಿಕೊಳ್ಳಿ. ಚಾಟ್ ಅಳಿಸಬೇಡಿ.

ಜಗಳ ಆಗಿಯೇ ಹೋಯ್ತು ಅನ್ನಿ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಗೆಹರಿಯದಿದ್ರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಾಗದಲ್ಲೂ ದೂರು ಕೊಡಬಹುದು, ಅಂದ್ರೆ ಬೆಂಗಳೂರಲ್ಲಿ ಇರುವವರು ಅಲ್ಲೇ ಹಾಕಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಸೇವೆಯ ಕೊರತೆ ಅಲ್ಲ, ಒಪ್ಪಂದದ ಷರತ್ತೇ ಅನ್ಯಾಯದ್ದು ಅನ್ನುವ ದೂರಾದ್ರೆ ಅದು ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗುತ್ತೆ. ಒಬ್ಬರಿಗೆ ಮಾತ್ರ ಸುಮ್ಮನೆ ರದ್ದು ಮಾಡುವ ಹಕ್ಕು, ನಷ್ಟಕ್ಕೆ ಮೀರಿದ ದಂಡ, ಇವನ್ನೆಲ್ಲ ಈ ಕಾಯ್ದೆ 'ಅನ್ಯಾಯದ ಒಪ್ಪಂದ' ಅಂತಲೇ ಕರೆಯುತ್ತೆ.

ಕಲ್ಯಾಣದ ಪಂಡಿತ ಉಂಗುರದ ಉದಾಹರಣೆ ಕೊಟ್ಟಾಗ ಎರಡೂ ಕೈಗಳನ್ನು ನೋಡಿದ್ದ, ಕೊಟ್ಟ ಕೈ, ಇಸಿದುಕೊಂಡ ಕೈ. ನಮ್ಮ ಚೀಟಿಗಳು ಈಗ ಒಂದೇ ಕೈಯನ್ನು ನೋಡ್ತಿವೆ. ಮುಂದಿನ ಸಲ ಮನೆಯಲ್ಲಿ ಯಾರಾದ್ರೂ ಮುಂಗಡ ಕೊಡಲು ಹೊರಟ್ರೆ, ಹಣ ಕಳಿಸುವ ಮುಂಚೆ ಚೀಟಿಯ ಫೋಟೋ ತರಿಸಿಕೊಳ್ಳಿ. ಆ ಇನ್ನರ್ಧ ಸಾಲನ್ನು ಪೆನ್ನಿನಲ್ಲೇ ಬರೆಸಿ, ಇಬ್ಬರೂ ಸಹಿ ಹಾಕಿ. ಒಂದು ನಿಮಿಷದ ಕೆಲಸ.

ಈ ಸಂಚಿಕೆ ಮದುವೆ ನಿಶ್ಚಯ ಆಗಿರುವ ಗೆಳೆಯರಿಗೆ ಕಳಿಸಿ.